ಲೋಹದ ತೆಳುಪೊರೆಗಳಲ್ಲಿ ತಾನಾಗಿ ಮೂಡುವ ವಿನ್ಯಾಸಗಳು

ಮುಂಜಾವಿನ ಹೊತ್ತಿನಲ್ಲಿ ಬೇಲಿಯ ಮೇಲಿನ ಜೇಡರ ಬಲೆಯನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ರಾತ್ರಿ ಬಿದ್ದ ಇಬ್ಬನಿಯು ಬಲೆಯ ಎಳೆಗಳ ಮೇಲೆ ಒಂದೇ ಸಮನಾದ ಲೇಪವಾಗಿ ಹರಡಿಕೊಂಡಿರುವುದಿಲ್ಲ. ಮಣಿಸರದಂತೆ, ಬಹುಮಟ್ಟಿಗೆ ಸಮಾನವಾದ ಅಂತರದಲ್ಲಿ, ಹನಿಹನಿಯಾಗಿ ನಿಂತಿರುತ್ತದೆ. ಆ ಮಣಿಗಳನ್ನು ಪೋಣಿಸಿದ ಕೈ ಯಾವುದೂ ಇಲ್ಲ. ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಹರಡದೆ ಗುಂಡಾಗಿ ಉರುಳುವುದೂ, ಎಣ್ಣೆಯ ಪಸೆಯಿರುವ ತಟ್ಟೆಯ ಮೇಲೆ ಸುರಿದ ನೀರು ಅಲ್ಲಲ್ಲಿ ಒಡೆದು ಗುಂಪುಗೂಡುವುದೂ ಇದೇ ಬಗೆಯ ನೋಟಗಳು. ನಿತ್ಯವೂ ಕಣ್ಣಿಗೆ ಬೀಳುವುದರಿಂದ ಇವು ಯಾರಲ್ಲಿಯೂ ಬೆರಗನ್ನು ಹುಟ್ಟಿಸುವುದಿಲ್ಲ.

ಆದರೆ ಚಿನ್ನ, ಬೆಳ್ಳಿ, ತಾಮ್ರ, ನಿಕ್ಕಲ್ ಮೊದಲಾದ ಗಟ್ಟಿ ಲೋಹಗಳೂ ಇದೇ ರೀತಿ ವರ್ತಿಸುತ್ತವೆಂದರೆ, ಅದೂ ಕೆಲವೊಮ್ಮೆ ಕರಗದೆಯೇ ಹೀಗೆ ಹನಿಗೂಡುತ್ತವೆಂದರೆ, ಬೆರಗಾಗದಿರಲು ಸಾಧ್ಯವಿಲ್ಲ. ಗಾಜಿನ ಮೇಲೆ ಹರಡಿದ ಅತಿ ತೆಳುವಾದ ಲೋಹದ ಪೊರೆಯನ್ನು ಕಾಯಿಸಿದರೆ ಅದು ಒಡೆದು, ಹಿಂಜರಿದು, ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಅಸಂಖ್ಯ ಹನಿಗಳ ಸಾಲಾಗುತ್ತದೆ. ಆ ಹನಿಗಳ ಗಾತ್ರಕ್ಕೊಂದು ಮಿತಿಯುಂಟು, ಅವುಗಳ ನಡುವಣ ಅಂತರಕ್ಕೊಂದು ನಿಯಮವುಂಟು. ಯಾರೂ ಬರೆಯದ ಈ ಚಿತ್ತಾರವನ್ನು ಬರೆಯುವುದು ಯಾವುದು ಎಂಬ ಪ್ರಶ್ನೆಗೆ ಕಳೆದ ನೂರೈವತ್ತು ವರ್ಷಗಳಲ್ಲಿ ವಿಜ್ಞಾನವು ಕಂಡುಕೊಂಡ ಉತ್ತರವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನ್ಯಾನೋ ಎಂಬ ಅಳತೆ

ಒಂದು ಮೀಟರನ್ನು ನೂರು ಕೋಟಿ ಸಮಭಾಗಗಳನ್ನಾಗಿ ಮಾಡಿದರೆ ದೊರೆಯುವ ಒಂದು ಭಾಗವೇ ನ್ಯಾನೋಮೀಟರ್. ಮನುಷ್ಯನ ತಲೆಗೂದಲಿನ ದಪ್ಪವು ಸುಮಾರು 80,000 ನ್ಯಾನೋಮೀಟರ್. ಚಿನ್ನದ ಒಂದು ಪರಮಾಣುವಿನ ವ್ಯಾಸವು ಸುಮಾರು 0.29 ನ್ಯಾನೋಮೀಟರ್. ದೇವರ ಚಿತ್ರಪಟಗಳಿಗೆ ಅಂಟಿಸುವ, ಉಸಿರು ತಾಗಿದರೆ ಹಾರಿಹೋಗುವ ಚಿನ್ನದ ರೇಕು ಕೂಡ ಬಹುಮಟ್ಟಿಗೆ 100 ನ್ಯಾನೋಮೀಟರಿನಷ್ಟು ದಪ್ಪವಿರುತ್ತದೆ. ಪ್ರಯೋಗಾಲಯಗಳಲ್ಲಿ ಇದಕ್ಕಿಂತಲೂ ತೆಳುವಾದ ಪೊರೆಗಳನ್ನು ತಯಾರಿಸುವರು. ಗಾಳಿಯನ್ನು ತೆಗೆದುಹಾಕಿದ ಪಾತ್ರೆಯೊಳಗೆ ಲೋಹವನ್ನು ಕಾಯಿಸಿ ಆವಿಯಾಗಿಸಿ, ಆ ಆವಿಯು ಗಾಜಿನ ಅಥವಾ ಸಿಲಿಕಾನಿನ ನುಣುಪಾದ ಹಲಗೆಯ ಮೇಲೆ ತಂಗುವಂತೆ ಮಾಡುವರು. ಹೀಗೆ ದೊರೆತ 10 ನ್ಯಾನೋಮೀಟರ್ ದಪ್ಪದ ಚಿನ್ನದ ಪೊರೆಯಲ್ಲಿ ಒಂದರ ಮೇಲೊಂದರಂತೆ ಸುಮಾರು 40 ಪರಮಾಣು ಪದರಗಳು ಮಾತ್ರ ಇರುತ್ತವೆ.

ಇಷ್ಟು ಚಿಕ್ಕ ಜಗತ್ತಿನಲ್ಲಿ ಮನುಷ್ಯನು ತನಗೆ ಬೇಕಾದ ಆಕಾರಗಳನ್ನು ರಚಿಸಬಹುದೆಂಬ ಕಲ್ಪನೆಯನ್ನು 1959ರಲ್ಲಿ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತನ್ನ ಒಂದು ಉಪನ್ಯಾಸದಲ್ಲಿ ಮುಂದಿಟ್ಟನು. 1974ರಲ್ಲಿ ಜಪಾನಿನ ನೋರಿಯೋ ತಾನಿಗುಚಿಯು ಇಂಥ ಕೆಲಸಕ್ಕೆ ‘ನ್ಯಾನೋ ತಂತ್ರಜ್ಞಾನ’ವೆಂಬ ಹೆಸರನ್ನು ಬಳಸಿದನು. 1990ರಲ್ಲಿ ಐಬಿಎಂ ಸಂಸ್ಥೆಯ ವಿಜ್ಞಾನಿಗಳು ನಿಕ್ಕಲ್ ಲೋಹದ ಮೈಮೇಲೆ 35 ಕ್ಸೆನಾನ್ ಪರಮಾಣುಗಳನ್ನು ಒಂದೊಂದಾಗಿ ಸರಿಸಿ, ತಮ್ಮ ಸಂಸ್ಥೆಯ ಮೂರು ಅಕ್ಷರಗಳನ್ನು ಬರೆದು ತೋರಿಸಿದರು. ಅದೊಂದು ಅದ್ಭುತ ಸಾಧನೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಕ್ಕಿಯ ಕಾಳಿನಷ್ಟು ಜಾಗದಲ್ಲಿ ಕೋಟ್ಯಂತರ ಕಣಗಳನ್ನು ಜೋಡಿಸಬೇಕಾದಾಗ, ಒಂದೊಂದನ್ನೇ ಎತ್ತಿಡುವ ಮಾರ್ಗವು ಎಂದಿಗೂ ಮುಗಿಯದ ಕೆಲಸವಾಗುತ್ತದೆ. ಆದುದರಿಂದ ಎರಡನೆಯ ಮಾರ್ಗವೊಂದು ಬೇಕಾಯಿತು. ಕಣಗಳು ತಾವಾಗಿಯೇ ತಮ್ಮ ಸ್ಥಾನಗಳನ್ನು ಸೇರುವಂತೆ ಪರಿಸ್ಥಿತಿಯನ್ನು ಏರ್ಪಡಿಸುವುದೇ ಆ ಮಾರ್ಗ. ಇದನ್ನೇ ಸ್ವಯಂಸಂಘಟನೆಯೆಂದು ಕರೆಯುವರು.

ಫ್ಯಾರಡೆ ಕಂಡ ಬಣ್ಣದ ಬದಲಾವಣೆ

ಈ ವಿಷಯದ ಮೊದಲ ಸುಳಿವು ದೊರೆತದ್ದು ನ್ಯಾನೋ ಎಂಬ ಮಾತು ಹುಟ್ಟುವುದಕ್ಕಿಂತ ಬಹು ಹಿಂದೆ. ವಿದ್ಯುತ್ತು ಮತ್ತು ಕಾಂತತ್ವಗಳ ಸಂಶೋಧನೆಗಳಿಂದ ಜಗತ್ಪ್ರಸಿದ್ಧನಾದ ಮೈಕೇಲ್ ಫ್ಯಾರಡೆಯು 1857ರಲ್ಲಿ ಚಿನ್ನಕ್ಕೂ ಬೆಳಕಿಗೂ ಇರುವ ಸಂಬಂಧವನ್ನು ಕುರಿತು ಲಂಡನ್ನಿನಲ್ಲಿ ಒಂದು ದೀರ್ಘ ಪ್ರಬಂಧವನ್ನು ಮಂಡಿಸಿದನು. ಚಿನ್ನದ ರೇಕನ್ನು ಬೆಳಕಿಗೆ ಹಿಡಿದು ಅದರ ಮೂಲಕ ನೋಡಿದರೆ ಹಸುರು ಬಣ್ಣವು ಕಾಣುತ್ತದೆ. ರೇಕನ್ನು ಗಾಜಿನ ಮೇಲೆ ಹರಡಿ ಕಾಯಿಸಿದಾಗ, ಚಿನ್ನವು ಕರಗುವ ಉಷ್ಣತೆಗಿಂತ ಕಡಿಮೆ ಕಾವಿನಲ್ಲೇ ಆ ಹಸುರು ಮಾಯವಾಗಿ, ರೇಕು ಬಹುಮಟ್ಟಿಗೆ ಪಾರದರ್ಶಕವಾಯಿತು. ಚಿನ್ನವು ಎಲ್ಲಿಗೂ ಹೋಗಿರಲಿಲ್ಲ, ಆವಿಯಾಗಿಯೂ ಇರಲಿಲ್ಲ. ಅದೇ ಜಾಗವನ್ನು ನಯವಾದ ಕಲ್ಲಿನಿಂದ ಒತ್ತಿದಾಗ ಹಸುರು ಮತ್ತೆ ಮರಳಿತು.

ಫ್ಯಾರಡೆಯ ಕಾಲದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿರಲಿಲ್ಲ. ಆದುದರಿಂದ ರೇಕಿನೊಳಗೆ ನಡೆದುದನ್ನು ಕಣ್ಣಾರೆ ಕಾಣುವ ಅವಕಾಶ ಅವನಿಗಿರಲಿಲ್ಲ. ಇಂದು ಅದು ಸ್ಪಷ್ಟವಾಗಿದೆ. ಕಾವಿನಿಂದ ಚಲನೆ ಪಡೆದ ಪರಮಾಣುಗಳು ರೇಕಿನಲ್ಲಿ ಅಲ್ಲಲ್ಲಿ ತೂತುಗಳನ್ನು ಬಿಟ್ಟು ಗಡ್ಡೆಗಡ್ಡೆಯಾಗಿ ಕೂಡಿಕೊಂಡಿದ್ದವು. ತೂತುಗಳ ಮೂಲಕ ಬೆಳಕು ಸುಲಭವಾಗಿ ಹಾದುಹೋಯಿತು. ಒತ್ತಿದಾಗ ಗಡ್ಡೆಗಳು ಚಪ್ಪಟೆಯಾಗಿ ಮತ್ತೆ ಪೊರೆಯಂತಾದವು. ಅದೇ ಸಂಶೋಧನೆಯಲ್ಲಿ ಫ್ಯಾರಡೆಯು ನೀರಿನಲ್ಲಿ ಚಿನ್ನದ ಅತಿ ಸೂಕ್ಷ್ಮ ಕಣಗಳನ್ನು ಬೆರೆಸಿ ಮಾಣಿಕ್ಯದಂತೆ ಕೆಂಪಾದ ದ್ರವವನ್ನೂ ತಯಾರಿಸಿದ್ದನು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನ ಆ ಸೀಸೆಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ಮೇಲ್ಮೈಯ ಲೆಕ್ಕಾಚಾರ

ಹರಡಿಕೊಂಡಿದ್ದ ಲೋಹವು ಗಡ್ಡೆಗಟ್ಟಲು ಕಾರಣವೇನು? ಒಂದು ಲೋಹದ ತುಣುಕಿನ ಒಳಗಿರುವ ಪರಮಾಣುವಿಗೆ ಎಲ್ಲ ದಿಕ್ಕುಗಳಲ್ಲಿಯೂ ನೆರೆಯವರಿರುತ್ತಾರೆ. ಮೇಲ್ಮೈಯಲ್ಲಿರುವ ಪರಮಾಣುವಿಗೆ ಒಂದು ಪಾರ್ಶ್ವದಲ್ಲಿ ನೆರೆಯಿಲ್ಲ. ಹೀಗೆ ಬಂಧನಗಳು ಪೂರ್ಣವಾಗದಿರುವುದರಿಂದ ಮೇಲ್ಮೈಯಲ್ಲಿ ಹೆಚ್ಚಿನ ಶಕ್ತಿಯು ಉಳಿದುಕೊಂಡಿರುತ್ತದೆ. ಪ್ರತಿಯೊಂದು ವಸ್ತುವೂ ತನ್ನ ಶಕ್ತಿಯನ್ನು ಸಾಧ್ಯವಾದಷ್ಟು ಕಡಿಮೆ ಮಾಡಿಕೊಳ್ಳಲು ಯತ್ನಿಸುವುದು ಪ್ರಕೃತಿಯ ನಿಯಮ. ಆದುದರಿಂದ ಅದು ತನ್ನ ಮೇಲ್ಮೈಯನ್ನು ಕುಗ್ಗಿಸಿಕೊಳ್ಳಲು ನೋಡುತ್ತದೆ. ಇದೇ ಮೇಲ್ಮೈ ಎಳೆತ. ಕರಗಿದ ಚಿನ್ನದ ಮೇಲ್ಮೈ ಎಳೆತವು ನೀರಿನದಕ್ಕಿಂತ ಸುಮಾರು 15 ಪಟ್ಟು ಹೆಚ್ಚು.

ಒಂದು ಸಣ್ಣ ಲೆಕ್ಕದಿಂದ ಇದನ್ನು ಮನಗಾಣಬಹುದು. 10 ನ್ಯಾನೋಮೀಟರ್ ದಪ್ಪದ ಚಿನ್ನದ ಪೊರೆಯಲ್ಲಿ ಉದ್ದಗಲಗಳೆರಡೂ 100 ನ್ಯಾನೋಮೀಟರ್ ಇರುವ ಒಂದು ಚೌಕವನ್ನು ತೆಗೆದುಕೊಳ್ಳೋಣ. ಅದರ ಮೇಲಿನ ಮುಖ ಮತ್ತು ಕೆಳಗಿನ ಮುಖ ಎರಡೂ ಸೇರಿ 20,000 ಚದರ ನ್ಯಾನೋಮೀಟರ್. ಅದರ ಗಾತ್ರ 1,00,000 ಘನ ನ್ಯಾನೋಮೀಟರ್; ಅದರಲ್ಲಿರುವ ಪರಮಾಣುಗಳು ಸುಮಾರು 59 ಲಕ್ಷ. ಇಷ್ಟೇ ಚಿನ್ನವನ್ನು ಗೋಳಾಕಾರವಾಗಿ ಉಂಡೆ ಮಾಡಿದರೆ ಅದರ ತ್ರಿಜ್ಯವು ಸುಮಾರು 28.8 ನ್ಯಾನೋಮೀಟರ್ ಆಗುವುದು. ಮೇಲ್ಮೈಯು ಸುಮಾರು 10,400 ಚದರ ನ್ಯಾನೋಮೀಟರ್ ಮಾತ್ರ. ಎಂದರೆ ಮೇಲ್ಮೈಯು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಚೌಕದ ಬದಿಯು 200 ನ್ಯಾನೋಮೀಟರ್ ಆಗಿದ್ದರೆ ಮೇಲ್ಮೈಯು ಮೂರನೆಯ ಒಂದು ಭಾಗಕ್ಕೆ ಇಳಿಯುವುದು. ಪೊರೆಯು ಒಡೆದು ಉಂಡೆಗಟ್ಟುವುದರಲ್ಲಿ ಲೋಹಕ್ಕಿರುವ ಲಾಭ ಇದೇ.

ಆದರೆ ಈ ಲೆಕ್ಕದಲ್ಲಿ ಇನ್ನೊಬ್ಬ ಪಾಲುದಾರನಿದ್ದಾನೆ. ಅವನೇ ಕೆಳಗಿನ ಹಲಗೆ. ಪೊರೆಯು ಹಿಂಜರಿದಾಗ ಹಲಗೆಯ ಮೈ ಬಯಲಾಗುವುದು. ಆ ಮೈಗೂ ತನ್ನದೇ ಆದ ಶಕ್ತಿಯುಂಟು. ಹಲಗೆಗೂ ಲೋಹಕ್ಕೂ ಬಾಂಧವ್ಯ ಹೆಚ್ಚಿದ್ದರೆ ಲೋಹವು ಹರಡಿಕೊಂಡೇ ಇರುವುದು; ಕಡಿಮೆಯಿದ್ದರೆ ಗುಂಡಾಗುವುದು. ಹನಿಯ ಅಂಚು ಹಲಗೆಯೊಡನೆ ಮಾಡುವ ಕೋನದಿಂದ ಈ ಬಾಂಧವ್ಯವನ್ನು ಅಳೆಯಬಹುದೆಂದು ಥಾಮಸ್ ಯಂಗ್ 1805ರಲ್ಲಿಯೇ ತಿಳಿಸಿದನು. ಕೆಸುವಿನ ಎಲೆಯ ಮೇಲೆ ನೀರು ಗುಂಡಾಗಿರುವುದಕ್ಕೂ, ಶುಚಿಯಾದ ಗಾಜಿನ ಮೇಲೆ ಅದೇ ನೀರು ಹರಡುವುದಕ್ಕೂ ಈ ಬಾಂಧವ್ಯದ ವ್ಯತ್ಯಾಸವೇ ಕಾರಣ. ಚಿನ್ನಕ್ಕೂ ಗಾಜಿಗೂ ಇರುವ ಬಾಂಧವ್ಯ ಅಲ್ಪ. ಆದುದರಿಂದ ಗಾಜಿನ ಮೇಲಿನ ಚಿನ್ನದ ಪೊರೆಯು ಸ್ಥಿರವಾಗಿರುವಂತೆ ತೋರಿದರೂ, ಪರಮಾಣುಗಳು ಚಲಿಸುವ ಸಂದರ್ಭ ಒದಗಿದೊಡನೆಯೇ ಒಡೆಯಲು ಸಿದ್ಧವಾಗಿರುತ್ತದೆ. ಪೊರೆಯು ಹೀಗೆ ಹಲಗೆಯನ್ನು ಬಿಟ್ಟು ಹಿಂಜರಿಯುವುದನ್ನು ವಿಜ್ಞಾನಿಗಳು ‘ಡಿವೆಟ್ಟಿಂಗ್’ ಎನ್ನುವರು; ಕನ್ನಡದಲ್ಲಿ ‘ಪೊರೆಯ ಹಿಂಜರಿತ’ವೆಂದು ಹೇಳಬಹುದು.

ಅಂತರವನ್ನು ನಿರ್ಧರಿಸುವುದು ಯಾವುದು?

ಶಕ್ತಿಯ ಲೆಕ್ಕವು ಪೊರೆಯು ಏಕೆ ಒಡೆಯುವುದೆಂಬುದನ್ನು ತಿಳಿಸುತ್ತದೆ. ಹನಿಗಳು ಇಷ್ಟೇ ಅಂತರದಲ್ಲಿ ಏಕೆ ನಿಲ್ಲುತ್ತವೆಂಬುದನ್ನು ತಿಳಿಸುವುದಿಲ್ಲ. ಎಲ್ಲ ಲೋಹವೂ ಒಂದೇ ದೊಡ್ಡ ಉಂಡೆಯಾಗಿ ಕೂಡಿಕೊಂಡಿದ್ದರೆ ಶಕ್ತಿಯು ಇನ್ನಷ್ಟು ಕಡಿಮೆಯಾಗುತ್ತಿತ್ತಲ್ಲವೆ? ಹಾಗೇಕೆ ಆಗಲಿಲ್ಲ?

ಈ ಪ್ರಶ್ನೆಗೆ ದಾರಿ ತೋರಿದವನು ಬೆಲ್ಜಿಯಂ ದೇಶದ ಜೋಸೆಫ್ ಪ್ಲಾಟೋ. ನಡುವಯಸ್ಸಿನಲ್ಲಿ ಸಂಪೂರ್ಣವಾಗಿ ದೃಷ್ಟಿಯನ್ನು ಕಳೆದುಕೊಂಡ ಈ ವಿಜ್ಞಾನಿಯು ಇತರರ ಕಣ್ಣುಗಳ ನೆರವಿನಿಂದ ದ್ರವಗಳ ಆಕಾರಗಳನ್ನು ಕುರಿತು ದಶಕಗಳ ಕಾಲ ಪ್ರಯೋಗ ನಡೆಸಿ, 1873ರಲ್ಲಿ ಅವುಗಳ ಫಲವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ದ್ರವದ ಒಂದು ಎಳೆಯು ತನ್ನ ಸುತ್ತಳತೆಗಿಂತ ಉದ್ದವಾದ ಏರಿಳಿತಗಳನ್ನು ತಾಳಲಾರದು, ಒಡೆದುಹೋಗುವುದು ಎಂಬುದು ಅವನು ಕಂಡುಕೊಂಡ ನಿಯಮ. 1878ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆಯು ಈ ವಿಚಾರವನ್ನು ಗಣಿತದಿಂದ ಮುಂದುವರಿಸಿದನು. ಎಳೆಯಲ್ಲಿ ನಾನಾ ಉದ್ದದ ಏರಿಳಿತಗಳು ಏಕಕಾಲದಲ್ಲಿ ಮೊದಲಾಗುತ್ತವೆ. ಅತಿ ಚಿಕ್ಕ ಏರಿಳಿತಗಳು ಮೇಲ್ಮೈಯನ್ನು ಹೆಚ್ಚಿಸುವುದರಿಂದ ಅಲ್ಲಿಯೇ ಅಡಗಿಹೋಗುವುವು. ಅತಿ ದೊಡ್ಡ ಏರಿಳಿತಗಳು ಬೆಳೆಯಬೇಕಾದರೆ ದ್ರವವು ಬಹುದೂರ ಸಾಗಬೇಕು. ಆದುದರಿಂದ ಅವು ನಿಧಾನವಾಗಿ ಬೆಳೆಯುವುವು. ಇವೆರಡರ ನಡುವೆ ಹದವಾದ ಒಂದು ಉದ್ದವು ಉಳಿದೆಲ್ಲವನ್ನೂ ಹಿಂದೆ ಹಾಕಿ ವೇಗವಾಗಿ ಬೆಳೆಯುವುದು. ರ‍್ಯಾಲೆಯ ಲೆಕ್ಕದ ಪ್ರಕಾರ ಅದು ಎಳೆಯ ತ್ರಿಜ್ಯದ ಸುಮಾರು 9 ಪಟ್ಟು. ನಲ್ಲಿಯಿಂದ ಇಳಿಯುವ ತೆಳುಧಾರೆಯು ಹನಿಗಳಾಗುವುದೂ, ಜೇಡರ ಬಲೆಯ ಮೇಲೆ ಇಬ್ಬನಿಯು ಮಣಿಗಟ್ಟುವುದೂ ಇದೇ ತತ್ತ್ವದಿಂದ.

ಹೀಗೆ ವಿನ್ಯಾಸದ ಅಂತರವು ಅತ್ಯಂತ ಕಡಿಮೆ ಶಕ್ತಿಯ ಸ್ಥಿತಿಯಿಂದ ನಿರ್ಧಾರವಾಗುವುದಿಲ್ಲ; ಓಟದಲ್ಲಿ ಯಾವುದು ಮೊದಲು ಗುರಿ ಮುಟ್ಟಿತೆಂಬುದರಿಂದ ನಿರ್ಧಾರವಾಗುತ್ತದೆ. ಒಂದು ಕಡೆ ಒಡೆಯಬೇಕೆಂಬ ಒತ್ತಾಯ, ಇನ್ನೊಂದು ಕಡೆ ಸುಕ್ಕುಗಳನ್ನು ಸಹಿಸದ ಮೇಲ್ಮೈ ಎಳೆತ: ಈ ಎರಡರ ಸೆಣಸಾಟದ ನಡುವೆ ಹುಟ್ಟುವುದೇ ವಿನ್ಯಾಸ. ಈ ವಿಷಯದ ತಿರುಳು ಇಷ್ಟೇ.

ಎಳೆಗೂ ಚಪ್ಪಟೆಯಾದ ಪೊರೆಗೂ ಒಂದು ವ್ಯತ್ಯಾಸವಿದೆ. ಸಪಾಟಾಗಿ ಹರಡಿದ ಪೊರೆಯಲ್ಲಿ ಮೇಲ್ಮೈ ಎಳೆತವು ಏರಿಳಿತಗಳನ್ನು ಅಳಿಸಿ ಮೈಯನ್ನು ನುಣುಪಾಗಿಡಲು ನೋಡುತ್ತದೆ. ಹಾಗಿದ್ದರೆ ಅದನ್ನು ಒಡೆಯುವ ಬಲ ಯಾವುದು? ಅಣುಪರಮಾಣುಗಳ ನಡುವೆ ಸದಾ ಇರುವ ದುರ್ಬಲ ಆಕರ್ಷಣೆಯೇ ಆ ಬಲ. ಡಚ್ ವಿಜ್ಞಾನಿ ವಾನ್ ಡರ್ ವಾಲ್ಸ್‌ನ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ದಪ್ಪ ಪದರದಲ್ಲಿ ಇದರ ಪ್ರಭಾವ ಗಣನೆಗೆ ಬರುವುದಿಲ್ಲ. ಪೊರೆಯು ಕೆಲವೇ ನ್ಯಾನೋಮೀಟರಿನಷ್ಟು ತೆಳುವಾದಾಗ ಮಾತ್ರ ತೆಳುವಾದ ಜಾಗವು ಇನ್ನೂ ತೆಳುವಾಗುವಂತೆಯೂ, ದಪ್ಪವಾದ ಜಾಗವು ಇನ್ನೂ ದಪ್ಪವಾಗುವಂತೆಯೂ ಅದು ಮಾಡುತ್ತದೆ. 1966ರಲ್ಲಿ ಡಚ್ ವಿಜ್ಞಾನಿ ವ್ರೇಯ್ ತೆಳುವಾದ ದ್ರವಪೊರೆಗಳು ತಾವಾಗಿ ಒಡೆಯುವುದನ್ನು ಈ ಬಲದ ಆಧಾರದಿಂದ ವಿವರಿಸಿದನು. ಈ ಸಿದ್ಧಾಂತದಿಂದ ಹೊರಡುವ ಎರಡು ಫಲಿತಾಂಶಗಳು ಗಮನಾರ್ಹವಾಗಿವೆ. ಹನಿಗಳ ನಡುವಣ ಅಂತರವು ಪೊರೆಯ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ಒಡೆಯಲು ಬೇಕಾಗುವ ಕಾಲವು ದಪ್ಪದ ಐದನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಪೊರೆಯ ದಪ್ಪವನ್ನು ಅರ್ಧಕ್ಕಿಳಿಸಿದರೆ ಅಂತರವು ನಾಲ್ಕನೆಯ ಒಂದು ಭಾಗಕ್ಕೂ, ಕಾಲವು ಮೂವತ್ತೆರಡನೆಯ ಒಂದು ಭಾಗಕ್ಕೂ ಇಳಿಯುವುದು. ದಪ್ಪವೊಂದನ್ನು ಹಿಡಿತದಲ್ಲಿಟ್ಟುಕೊಂಡರೆ ವಿನ್ಯಾಸವನ್ನೇ ಹಿಡಿತದಲ್ಲಿಟ್ಟುಕೊಂಡಂತೆ.

ಇದನ್ನು ಲೋಹದಲ್ಲಿ ಪರೀಕ್ಷಿಸುವುದು ಸುಲಭವಾಗಿರಲಿಲ್ಲ. ಕರಗಿದ ಲೋಹವು ಕ್ಷಣಮಾತ್ರದಲ್ಲಿ ಹನಿಯಾಗಿಬಿಡುವುದರಿಂದ ನಡುವಣ ಹಂತಗಳು ಕಾಣಸಿಗುತ್ತಿರಲಿಲ್ಲ. ಲೇಸರ್ ಬೆಳಕಿನ ನೆರವಿನಿಂದ ಈ ತೊಡಕು ಪರಿಹಾರವಾಯಿತು. ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು ಕಾಲ ಮಿನುಗುವ ಲೇಸರ್ ಹೊಡೆತವು ಪೊರೆಯನ್ನು ಕರಗಿಸುತ್ತದೆ. ಮರುಕ್ಷಣವೇ ಪೊರೆಯು ಆರಿ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಮೂಡಿದ ಆಕಾರವು ಹಾಗೆಯೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಚಲನಚಿತ್ರದ ಸುರುಳಿಯನ್ನು ಒಂದೊಂದೇ ಚಿತ್ರದಲ್ಲಿ ನಿಲ್ಲಿಸಿ ನೋಡಿದಂತೆ, ವಿಜ್ಞಾನಿಗಳು ಹೊಡೆತಕ್ಕೊಂದರಂತೆ ಹಂತಗಳನ್ನು ಪರಿಶೀಲಿಸುವರು. 1996ರಲ್ಲಿ ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಈ ವಿಧಾನದಿಂದ, ಚಿನ್ನವೇ ಮೊದಲಾದ ಲೋಹಗಳ ಪೊರೆಗಳು ಎರಡು ಬಗೆಗಳಲ್ಲಿ ಒಡೆಯುವುವೆಂದು ತೋರಿಸಿದರು. ಒಂದು, ಧೂಳು ಅಥವಾ ಕೊರತೆಯಿರುವ ಜಾಗಗಳಲ್ಲಿ ತೂತು ಬಿದ್ದು ಅದು ಅಗಲವಾಗುವುದು. ಇನ್ನೊಂದು, ಪೊರೆಯ ಮೈಯೆಲ್ಲ ಏಕಕಾಲದಲ್ಲಿ ಅಲೆಯೆದ್ದು ಒಡೆಯುವುದು. ಮೊದಲನೆಯದರಲ್ಲಿ ಅಂತರವು ಆಕಸ್ಮಿಕಕ್ಕೆ ಸೇರಿದ್ದು. ಎರಡನೆಯದರಲ್ಲಿ ನಿಯಮಕ್ಕೆ ಸೇರಿದ್ದು.

ಕರಗದೆಯೇ ಹರಿಯುವ ಲೋಹ

ಫ್ಯಾರಡೆಯ ರೇಕು ಕರಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಚಿನ್ನವು ಕರಗುವುದು 1064 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಆದರೆ ತೆಳುವಾದ ಚಿನ್ನದ ಪೊರೆಯು ಕೆಲವು ನೂರು ಡಿಗ್ರಿಗಳಲ್ಲಿಯೇ ಗಡ್ಡೆಗಟ್ಟುವುದುಂಟು. ಮೇಲ್ಮೈಯ ಪರಮಾಣುಗಳಿಗೆ ನೆರೆಯ ಬಂಧನಗಳು ಕಡಿಮೆಯಾದುದರಿಂದ ಅವು ಘನಸ್ಥಿತಿಯಲ್ಲಿಯೇ ಒಂದು ಸ್ಥಾನದಿಂದ ಇನ್ನೊಂದಕ್ಕೆ ನೆಗೆಯಬಲ್ಲವು. ಲೋಹದ ಪೊರೆಯು ಅಖಂಡವಾಗಿ ತೋರಿದರೂ ಅದು ಒಂದಕ್ಕೊಂದು ಒತ್ತಿಕೊಂಡ ಅಸಂಖ್ಯ ಸಣ್ಣ ಹರಳುಗಳ ಹಾಸು. ಹರಳು ಹರಳುಗಳ ನಡುವಣ ಗಡಿಯು ಮೇಲ್ಮೈಯನ್ನು ಸೇರುವೆಡೆಯಲ್ಲಿ ಕಾವಿನಿಂದ ಸಣ್ಣ ತೋಡುಗಳು ಬೀಳುವುವು. 1957ರಲ್ಲಿ ಅಮೆರಿಕದ ಮಲ್ಲಿನ್ಸ್ ಎಂಬ ವಿಜ್ಞಾನಿಯು ಈ ತೋಡುಗಳ ಬೆಳವಣಿಗೆಯನ್ನು ಗಣಿತದಿಂದ ವಿವರಿಸಿದನು. ಪರಮಾಣುಗಳು ಮೇಲ್ಮೈಯಲ್ಲಿ ಸರಿಯುವುದರಿಂದ ಬೆಳೆಯುವ ತೋಡಿನ ಆಳವು ಇಮ್ಮಡಿಯಾಗಬೇಕಾದರೆ 16 ಪಟ್ಟು ಕಾಲ ಬೇಕು. ಇದು ನಿಧಾನದ ಕೆಲಸ. ಆದರೆ ನಿಲ್ಲದ ಕೆಲಸ. ತೋಡು ಹಲಗೆಯನ್ನು ಮುಟ್ಟಿದಾಗ ತೂತಾಗುವುದು. ತೂತಿನ ಅಂಚು ಹಿಂಜರಿಯುತ್ತ ಏರಿಯಂತೆ ದಪ್ಪವಾಗುವುದು. ಅಕ್ಕಪಕ್ಕದ ತೂತುಗಳು ಕೂಡಿಕೊಂಡಾಗ ನಡುವೆ ಲೋಹದ ಎಳೆಗಳು ಉಳಿಯುವುವು. ಆ ಎಳೆಗಳು ಪ್ಲಾಟೋ ಹೇಳಿದ ನಿಯಮದಂತೆ ಮಣಿಗಳಾಗಿ ಒಡೆಯುವುವು. ದ್ರವದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಆಟವು ಘನದಲ್ಲಿ ನಿಮಿಷ, ಗಂಟೆಗಳ ಕಾಲ ನಡೆಯುತ್ತದೆ.

ಸೀಸ ಮತ್ತು ತಾಮ್ರದ ಚಿತ್ತಾರ

ಪೊರೆಯು ಒಡೆಯದೆಯೇ ವಿನ್ಯಾಸಗಳು ಮೂಡುವ ಸಂದರ್ಭಗಳೂ ಇವೆ. 2001ರಲ್ಲಿ ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವು ಇದಕ್ಕೆ ಪ್ರಸಿದ್ಧ ನಿದರ್ಶನ. ಬಿಸಿಯಾದ ತಾಮ್ರದ ಹರಳಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಸೀಸದ ಪರಮಾಣುಗಳನ್ನು ಬೀಳಿಸುತ್ತ, ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಮೈಯನ್ನು ನೋಡಿದರು. ಸೀಸದ ಪರಮಾಣುವು ತಾಮ್ರದ್ದಕ್ಕಿಂತ ದೊಡ್ಡದು. ಮೈಯ ಕೆಲವು ಭಾಗಗಳಲ್ಲಿ ಸೀಸ ತಾಮ್ರಗಳೆರಡೂ ಬೆರೆತ ಪದರವೂ, ಉಳಿದ ಭಾಗಗಳಲ್ಲಿ ಸೀಸವೇ ತುಂಬಿದ ಪದರವೂ ಏರ್ಪಟ್ಟವು. ಸೀಸವು ಕಡಿಮೆಯಿದ್ದಾಗ ಅದು ದುಂಡನೆಯ ಚುಕ್ಕೆಗಳಾಗಿ ನಿಂತಿತು. ಹೆಚ್ಚಿದಂತೆ ಚುಕ್ಕೆಗಳು ಕೂಡಿ ಪಟ್ಟೆಗಳಾದವು. ಇನ್ನೂ ಹೆಚ್ಚಿದಾಗ ಪಟ್ಟೆಗಳು ಬೆರೆತುಹೋಗಿ, ಸೀಸದ ಹಾಸಿನ ನಡುವೆ ದುಂಡನೆಯ ಬಿಡುವುಗಳು ಉಳಿದವು.

ಇಲ್ಲಿಯೂ ಎರಡು ವಿರುದ್ಧ ಪ್ರವೃತ್ತಿಗಳ ಸೆಣಸಾಟವಿದೆ. ಎರಡು ಬಗೆಯ ಪದರಗಳ ನಡುವಣ ಗಡಿಯು ಉದ್ದವಾದಷ್ಟೂ ಶಕ್ತಿಯು ಹೆಚ್ಚುವುದರಿಂದ, ಗಡಿಯನ್ನು ಕಡಿಮೆ ಮಾಡಲು ಚುಕ್ಕೆಗಳು ದೊಡ್ಡದಾಗಬೇಕು. ಆದರೆ ಎರಡು ಪದರಗಳ ಬಿಗುಪು ಬೇರೆಬೇರೆಯಾದುದರಿಂದ ಅವು ಕೆಳಗಿನ ತಾಮ್ರವನ್ನು ಎಳೆದಾಡುತ್ತವೆ. ಆ ಎಳೆದಾಟವನ್ನು ಹಂಚಿಕೊಳ್ಳಲು ಚುಕ್ಕೆಗಳು ಚಿಕ್ಕದಾಗಿ ಹರಡಬೇಕು. ಒಂದು ಕೂಡಿಸುತ್ತದೆ, ಇನ್ನೊಂದು ಅಗಲಿಸುತ್ತದೆ. ಇವೆರಡೂ ಸಮತೂಗುವ ಗಾತ್ರವೇ ಚುಕ್ಕೆಯ ಗಾತ್ರ. ಪೊರೆಯ ಹಿಂಜರಿತದಲ್ಲಿ ಓಟದ ಗೆಲುವು ವಿನ್ಯಾಸವನ್ನು ನಿರ್ಧರಿಸಿದರೆ, ಇಲ್ಲಿ ಸಮತೋಲವೇ ಅದನ್ನು ನಿರ್ಧರಿಸುತ್ತದೆ. ಆದುದರಿಂದ ಇಂಥ ವಿನ್ಯಾಸವು ಕಾಲ ಕಳೆದಂತೆ ಕೆಡುವುದಿಲ್ಲ. ಕದಡಿದರೂ ಮತ್ತೆ ಅದೇ ಅಂತರಕ್ಕೆ ಬಂದು ನಿಲ್ಲಲು ಯತ್ನಿಸುವುದು.

ಕೇಡೂ ಅದೇ, ಉಪಯೋಗವೂ ಅದೇ

ಬಹುಕಾಲದವರೆಗೆ ತಂತ್ರಜ್ಞರು ಪೊರೆಯ ಹಿಂಜರಿತವನ್ನು ಒಂದು ಪೀಡೆಯೆಂದೇ ಭಾವಿಸಿದ್ದರು. ಗಣಕಯಂತ್ರಗಳ ಒಳಗಿರುವ ಸಿಲಿಕಾನ್ ಬಿಲ್ಲೆಗಳಲ್ಲಿ ವಿದ್ಯುತ್ತನ್ನು ಒಯ್ಯುವುದು ಅತಿ ತೆಳುವಾದ ಲೋಹದ ಪಟ್ಟಿಗಳು. ತಯಾರಿಕೆಯ ಕಾವಿನಲ್ಲಿ ಅವು ಗಡ್ಡೆಗಟ್ಟಿ ಕಡಿದುಹೋದರೆ ಬಿಲ್ಲೆಯೇ ನಿರುಪಯುಕ್ತವಾಗುವುದು. ಆದುದರಿಂದ ತಾಮ್ರದ ಪಟ್ಟಿಗಳ ಕೆಳಗೆ, ತಾಮ್ರವು ಚೆನ್ನಾಗಿ ಅಂಟಿಕೊಳ್ಳಬಲ್ಲ ಟ್ಯಾಂಟಲಮ್ ಲೋಹದ ಪದರವನ್ನು ಹಾಸುವ ಪದ್ಧತಿ ಬೆಳೆಯಿತು. ಹಲಗೆಗೂ ಲೋಹಕ್ಕೂ ಇರುವ ಬಾಂಧವ್ಯವನ್ನು ಹೆಚ್ಚಿಸುವ ಉಪಾಯವಿದು.

ಅದೇ ಪೀಡೆಯನ್ನು ಬೇಕೆಂದೇ ಬರಮಾಡಿಕೊಂಡವರೂ ಇದ್ದಾರೆ. ಇಂಗಾಲದ ನ್ಯಾನೋ ಕೊಳವೆಗಳನ್ನು ಬೆಳೆಸಬೇಕಾದರೆ ಕ್ರಿಯಾವರ್ಧಕವಾಗಿ ಕಬ್ಬಿಣದ ಅತಿ ಸೂಕ್ಷ್ಮ ಕಣಗಳು ಬೇಕು. ಅವುಗಳನ್ನು ಪಡೆಯುವ ಸರಳ ಮಾರ್ಗವೆಂದರೆ ಸುಮಾರು 1 ನ್ಯಾನೋಮೀಟರ್ ದಪ್ಪದ ಕಬ್ಬಿಣದ ಪೊರೆಯನ್ನು ಕಾಯಿಸುವುದು. ಪೊರೆಯು ಕಣಗಳಾಗಿ ಒಡೆಯುವುದು. ಒಂದೊಂದು ಕಣದಿಂದ ಒಂದೊಂದು ಕೊಳವೆಯು ಗರಿಕೆಯಂತೆ ಮೇಲೇಳುವುದು. 2004ರಲ್ಲಿ ಜಪಾನಿನ ಸಂಶೋಧಕರು ಈ ವಿಧಾನಕ್ಕೆ ಅತ್ಯಲ್ಪ ನೀರಾವಿಯನ್ನು ಸೇರಿಸಿ, 10 ನಿಮಿಷಗಳಲ್ಲಿ 2.5 ಮಿಲಿಮೀಟರ್ ಎತ್ತರದ ಕೊಳವೆಗಳ ತೋಪನ್ನೇ ಬೆಳೆಸಿದರು. ಕೊಳವೆಯ ದಪ್ಪವು ಕಣದ ಗಾತ್ರವನ್ನೂ, ಕಣದ ಗಾತ್ರವು ಪೊರೆಯ ದಪ್ಪವನ್ನೂ ಅವಲಂಬಿಸಿರುತ್ತದೆ.

ಕನ್ನಡ ನಾಡಿಗೆ ಹತ್ತಿರವಾದ ಉಪಯೋಗ ಇನ್ನೊಂದುಂಟು. 1928ರಲ್ಲಿ ರಾಮನ್ ಪರಿಣಾಮವನ್ನು ಕಂಡುಹಿಡಿದು 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸರ್ ಸಿ. ವಿ. ರಾಮನ್ ಅವರು 1933ರಿಂದ ತಮ್ಮ ಜೀವಿತದ ಕೊನೆಯವರೆಗೆ ಬೆಂಗಳೂರನ್ನೇ ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡಿದ್ದರು. ಅಣುಗಳಿಂದ ಚದುರಿ ಬರುವ ಬೆಳಕಿನಲ್ಲಿ ಆಯಾ ಅಣುವಿನ ಗುರುತು ಅಡಗಿರುತ್ತದೆಂಬುದು ಆ ಶೋಧದ ಸಾರ. ಆದರೆ ಆ ಬೆಳಕು ಅತ್ಯಂತ ಕ್ಷೀಣವಾದುದು. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ, ಒರಟಾಗಿಸಿದ ಬೆಳ್ಳಿಯ ಮೈಮೇಲಿನ ಅಣುಗಳಿಂದ ಅಸಾಧಾರಣ ಪ್ರಬಲತೆಯ ರಾಮನ್ ಬೆಳಕು ದೊರೆಯುವುದು ಕಂಡುಬಂದಿತು. ಬೆಳ್ಳಿ, ಚಿನ್ನಗಳ ನ್ಯಾನೋ ಕಣಗಳಲ್ಲಿನ ಎಲೆಕ್ಟ್ರಾನುಗಳು ಬೆಳಕಿನೊಡನೆ ತೂಗಾಡಿ, ತಮ್ಮ ಸುತ್ತಣ ಬೆಳಕನ್ನು ಸಾಂದ್ರಗೊಳಿಸುವುದೇ ಇದಕ್ಕೆ ಮುಖ್ಯ ಕಾರಣ. ಇಂಥ ಕಣಗಳ ಹಾಸನ್ನು ಅಗ್ಗವಾಗಿ ಸಿದ್ಧಪಡಿಸುವ ವಿಧಾನಗಳಲ್ಲಿ, ತೆಳುಪೊರೆಯನ್ನು ಕಾಯಿಸಿ ಒಡೆಯುವುದೂ ಒಂದು. ಫ್ಯಾರಡೆಯ ರೇಕಿನ ಬಣ್ಣಗೆಡಿಸಿದ ಅದೇ ಕ್ರಿಯೆಯು ಹೀಗೆ ರಾಮನ್ನರ ಬೆಳಕಿಗೆ ನೆರವಾಯಿತು.

ಹದಗೊಳಿಸಿದ ನೆಲ

ಸ್ವಯಂಸಂಘಟನೆಗೆ ಒಂದು ಮಿತಿಯೂ ಇದೆ. ತಾನಾಗಿ ಮೂಡಿದ ಹನಿಗಳಿಗೆ ಸರಾಸರಿ ಅಂತರವಿರುತ್ತದೆಯೇ ಹೊರತು, ಒಂದೊಂದು ಹನಿಗೂ ಗೊತ್ತಾದ ಸ್ಥಾನವಿರುವುದಿಲ್ಲ. ಓಟದಲ್ಲಿ ಗೆದ್ದ ಅಲೆಯ ಜೊತೆಯಲ್ಲಿ ಅದಕ್ಕೆ ಸಮೀಪವಾದ ಅಲೆಗಳೂ ಅಷ್ಟಿಷ್ಟು ಬೆಳೆದಿರುತ್ತವೆ. ಆದುದರಿಂದ ಹನಿಗಳ ಗಾತ್ರದಲ್ಲಿ ಹೆಚ್ಚುಕಡಿಮೆಗಳುಂಟಾಗುವುವು. ಕೇವಲ ಬಣ್ಣಕ್ಕೋ ಕ್ರಿಯಾವರ್ಧನೆಗೋ ಇದು ಸಾಕು. ಒಂದೊಂದು ಕಣವೂ ತನ್ನ ಸ್ಥಾನದಲ್ಲಿಯೇ ಇರಬೇಕಾದ ಕೆಲಸಗಳಿಗೆ ಇದು ಸಾಲದು.

ಈ ಕೊರತೆಯನ್ನು ತುಂಬುವ ದಾರಿಯನ್ನು ಎರಡು ಪ್ರಯೋಗಗಳು ತೋರಿಸಿಕೊಟ್ಟಿವೆ. 2005ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಸಿಲಿಕಾನ್ ಹಲಗೆಯ ಮೇಲೆ ಸಾಲುಸಾಲಾಗಿ ಸಣ್ಣ ಗುಳಿಗಳನ್ನು ತೋಡಿ, ಅದರ ಮೇಲೆ ಚಿನ್ನದ ಪೊರೆಯನ್ನು ಹರಡಿ ಕಾಯಿಸಿದರು. ಪೊರೆಯು ಎಲ್ಲೆಂದರಲ್ಲಿ ಒಡೆಯದೆ, ಗುಳಿಗಳ ಅಂಚಿನಲ್ಲಿ ಒಡೆದು, ಗುಳಿಗೊಂದರಂತೆ ಚಿನ್ನದ ಕಣವು ನೆಲೆಸಿತು. 2011ರಲ್ಲಿ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು ಮತ್ತು ಅವರ ಸಹವರ್ತಿಗಳು ನಿಕ್ಕಲ್ಲಿನ ಕಿರುಪಟ್ಟಿಗಳನ್ನು ಲೇಸರ್ ಬೆಳಕಿನಿಂದ ಕರಗಿಸಿ ನೋಡಿದರು. ನೇರ ಅಂಚಿನ ಪಟ್ಟಿಗಳು ಅಸಮವಾದ ಹನಿಗಳಾದವು. ಅಂಚಿನಲ್ಲಿ ಮೊದಲೇ ಹದವಾದ ಉದ್ದದ ಸಣ್ಣ ಅಲೆಯನ್ನು ಕೊರೆದಿದ್ದ ಪಟ್ಟಿಗಳು ಸಮಗಾತ್ರದ, ಸಮಾಂತರದ ಹನಿಗಳಾದವು. ಇಲ್ಲಿ ಮನುಷ್ಯನು ಮಾಡಿದ್ದು ಅತ್ಯಲ್ಪ. ಎಲ್ಲಿಂದ ಮೊದಲಾಗಬೇಕೆಂಬ ಸೂಚನೆಯನ್ನು ಮಾತ್ರ ಅವನು ಕೊಟ್ಟನು. ಉಳಿದ ಕೆಲಸವನ್ನು ಲೋಹವೇ ಪೂರೈಸಿತು. ಆದರೆ ಆ ಸೂಚನೆಯು ಪ್ರಕೃತಿಯು ಒಪ್ಪುವ ಅಳತೆಯಲ್ಲಿರಬೇಕು. ಎಳೆಯ ಸುತ್ತಳತೆಗಿಂತ ಚಿಕ್ಕದಾದ ಅಲೆಯನ್ನು ಕೊರೆದರೆ ಅದು ಅಳಿಸಿಹೋಗುವುದು. ಪಟ್ಟಿಯು ತನ್ನ ಇಚ್ಛೆಯಂತೆಯೇ ಒಡೆಯುವುದು.

ತರಗತಿಯಲ್ಲಿ ಮಾಡಬಹುದಾದ ಪ್ರಯೋಗ

ಈ ತತ್ತ್ವವನ್ನು ವಿದ್ಯಾರ್ಥಿಗಳಿಗೆ ತೋರಿಸಲು ಲೇಸರ್ ಯಂತ್ರವಾಗಲಿ ನಿರ್ವಾತ ಪಾತ್ರೆಯಾಗಲಿ ಬೇಕಿಲ್ಲ. ತೆಳುವಾದ ನೈಲಾನ್ ದಾರವನ್ನು ಎರಡು ಮೊಳೆಗಳ ನಡುವೆ ಅಡ್ಡಲಾಗಿ ಬಿಗಿದು ಕಟ್ಟಬೇಕು. ಬೆರಳಿಗೆ ಹರಳೆಣ್ಣೆಯನ್ನು ಹಚ್ಚಿಕೊಂಡು ದಾರದ ಉದ್ದಕ್ಕೂ ಒಮ್ಮೆ ಸವರಬೇಕು. ಮೊದಲು ಎಣ್ಣೆಯು ಸಮನಾದ ಲೇಪವಾಗಿ ತೋರುವುದು. ಸ್ವಲ್ಪ ಹೊತ್ತಿನಲ್ಲಿಯೇ ಅದು ಸಣ್ಣ ಮಣಿಗಳಾಗಿ ಒಡೆಯುವುದು. ಭೂತಗನ್ನಡಿಯ ಸಹಾಯದಿಂದ ಹತ್ತು ಹನ್ನೆರಡು ಮಣಿಗಳ ನಡುವಣ ಅಂತರವನ್ನು ಅಳೆದು ಸರಾಸರಿಯನ್ನು ಕಂಡುಹಿಡಿಯಬೇಕು. ಅನಂತರ ಹೆಚ್ಚು ದಪ್ಪದ ದಾರದಲ್ಲಿ ಅದೇ ಪ್ರಯೋಗವನ್ನು ಮಾಡಿದರೆ ಮಣಿಗಳ ಅಂತರವೂ ಹೆಚ್ಚುವುದನ್ನು ಕಾಣಬಹುದು. ಎಣ್ಣೆಯೂ ಸೇರಿದಂತೆ ದಾರದ ತ್ರಿಜ್ಯದೊಡನೆ ಆ ಅಂತರವನ್ನು ಹೋಲಿಸಿ, ರ‍್ಯಾಲೆಯ 9 ಪಟ್ಟಿನ ಲೆಕ್ಕಕ್ಕೆ ಅದು ಎಷ್ಟು ಸಮೀಪವಿದೆಯೆಂದು ವಿದ್ಯಾರ್ಥಿಗಳೇ ಪರಿಶೀಲಿಸಬಹುದು. ಹರಳೆಣ್ಣೆಯ ಮಣಿಗೂ ನಿಕ್ಕಲ್ಲಿನ ನ್ಯಾನೋ ಹನಿಗೂ ಅಳತೆಯಲ್ಲಿ ಸಾವಿರಾರು ಪಟ್ಟು ವ್ಯತ್ಯಾಸವಿದ್ದರೂ ಅವೆರಡನ್ನೂ ಆಳುವ ನಿಯಮ ಒಂದೇ.

ಫ್ಯಾರಡೆಯ ರೇಕಿನಲ್ಲಿ ಹಸುರು ಬಣ್ಣವು ಮಾಯವಾದಾಗ ಅದನ್ನು ಕೆಟ್ಟುಹೋದ ರೇಕೆಂದು ಎಸೆದುಬಿಡಬಹುದಾಗಿತ್ತು. ಅವನು ಎಸೆಯಲಿಲ್ಲ, ಒತ್ತಿ ನೋಡಿದನು, ಕಂಡುದನ್ನು ಬರೆದಿಟ್ಟನು. ಕಣ್ಣು ಕಾಣದ ಪ್ಲಾಟೋ ಇತರರ ಕಣ್ಣುಗಳಿಂದ ಹನಿಗಳನ್ನು ಎಣಿಸಿದನು. ಅವರಿಬ್ಬರ ತಾಳ್ಮೆಯ ಫಲವನ್ನು ನೂರು ವರ್ಷಗಳ ಅನಂತರದ ಪೀಳಿಗೆಯು ಉಣ್ಣುತ್ತಿದೆ. ವಸ್ತುವಿನ ಮೇಲೆ ಬಲವಂತದಿಂದ ಆಕಾರವನ್ನು ಹೇರುವುದಕ್ಕಿಂತ, ಅದರೊಳಗಿನ ಪ್ರವೃತ್ತಿಗಳನ್ನು ಅರಿತು, ನೆಲವನ್ನು ಹದಗೊಳಿಸಿ, ತಕ್ಕ ಕಾವನ್ನು ಕೊಟ್ಟು, ಅದು ತಾನಾಗಿಯೇ ರೂಪುಗೊಳ್ಳುವಂತೆ ಮಾಡುವುದು ಹೆಚ್ಚಿನ ಜಾಣ್ಮೆ ಎಂಬುದನ್ನು ಲೋಹದ ತೆಳುಪೊರೆಗಳ ಅಧ್ಯಯನವು ತಿಳಿಸಿಕೊಡುತ್ತದೆ. ಎಳೆಯ ಮನಸ್ಸುಗಳೊಡನೆ ನಿತ್ಯವೂ ವ್ಯವಹರಿಸುವ ಶಿಕ್ಷಕವರ್ಗಕ್ಕೆ ಈ ಮಾತು ಹೊಸದೆನಿಸಲಾರದು.